ಹಳೇ ಪಿಕಪ್‌ನ ಇಂಡಿಕೇಟರ್: ಬಲ್ಬ್ ಬಿಚ್ಚುವ ಮುಂಚೆ

ತರಕಾರಿ, ಸಿಮೆಂಟು, ಹಾಲಿನ ಕ್ಯಾನು ಹೊರುವ ಟಾಟಾ 207, ಬೊಲೆರೊ ಪಿಕಪ್‌ಗಳ ವೈರಿಂಗ್ ನನ್ನ ಕಸುಬು. ‘ಹಿಂದಿನ ಇಂಡಿಕೇಟರ್ ಬಲ್ಬ್ ಹೋಗಿದೆ, ಬೇರೆ ಹಾಕಿ’ ಎಂದು ಬರುವ ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಬಲ್ಬ್ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಬಲ್ಬ್ ಬದಲಿಸುವುದಕ್ಕಿಂತ ಹೆಚ್ಚಾಗಿ, ಅದನ್ನು ಬದಲಿಸಬೇಕೋ ಬೇಡವೋ ಎಂದು ಪತ್ತೆಹಚ್ಚುವ ಬಗ್ಗೆ ಹೇಳುತ್ತೇನೆ.

1. ಮೊದಲು ಸದ್ದು ಕೇಳಿ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಒಂದು ಕಡೆಗೆ ಹಾಕಿದಾಗ ಮಾತ್ರ ಟಿಕ್‌ಟಿಕ್ ಬಿರುಸಾದರೆ ಆ ಕಡೆ ಒಂದು ಬಲ್ಬ್ ಉರಿಯುತ್ತಿಲ್ಲ. ಕರೆಂಟ್ ಕಮ್ಮಿಯಾದದ್ದನ್ನು ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಗೆ ತಿಳಿಸುತ್ತದೆ. ಪಟ್ಟಿ ಕಾದು ಕೆಲಸ ಮಾಡುವ ಹಳೇ ನಮೂನೆಯ ಫ್ಲ್ಯಾಷರ್ ಆದರೆ ಉಲ್ಟಾ, ಮಿನುಗು ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಎಡ, ಬಲ ಎರಡೂ ಸತ್ತಿದ್ದರೆ ಹಜಾರ್ಡ್ ಸ್ವಿಚ್ ಒತ್ತಿ. ಎಲ್ಲವೂ ಮಿನುಗಿದರೆ ಬಲ್ಬ್ ಮುಟ್ಟಬೇಡಿ. ಫ್ಯೂಸ್, ಸ್ಟೀರಿಂಗ್ ಬಳಿಯ ಸ್ವಿಚ್ ನೋಡಿ.

2. ಹಳೇ ಪಿಕಪ್‌ನ ದೊಡ್ಡ ರೋಗ ಅರ್ಥ್. ಹಿಂದಿನ ಲ್ಯಾಂಪ್ ಚಕ್ರದ ಹಿಂದೆ, ಕೆಸರು ಎರಚುವ ಜಾಗದಲ್ಲಿದೆ. ಅದರ ಕಪ್ಪು ತಂತಿ ಚಾಸಿಗೆ ಸೇರುವ ಬೋಲ್ಟ್ ತುಕ್ಕು ಹಿಡಿಯುತ್ತದೆ. ಆಗ ಕರೆಂಟ್ ವಾಪಸು ಹೋಗಲು ಬೇರೆ ದಾರಿ ಹುಡುಕುತ್ತದೆ: ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಂಕಾಗಿ ಮಿನುಗುತ್ತದೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ನಿಲ್ಲುತ್ತದೆ. ಇಂಥದ್ದನ್ನು ಕಂಡರೆ ಹೊಸ ಬಲ್ಬ್‌ಗೆ ದುಡ್ಡು ಕೊಡಬೇಡಿ. ಪರೀಕ್ಷೆ ಸುಲಭ. ಬಲ್ಬ್ ತೆಗೆದು, ಇಂಡಿಕೇಟರ್ ಚಾಲೂ ಮಾಡಿ, ಟೆಸ್ಟ್ ಲ್ಯಾಂಪಿನ ಮೊನೆಯನ್ನು ಹೋಲ್ಡರಿನ ತಳದ ಬಿಂದುವಿಗೆ, ಕ್ಲಿಪ್ಪನ್ನು ಚಾಸಿಯ ಹೊಳೆಯುವ ಲೋಹಕ್ಕೆ ಹಿಡಿಯಿರಿ. ಮಿನುಗಿತೇ? ಹಾಗಾದರೆ ಕರೆಂಟ್ ಬರುತ್ತಿದೆ. ಈಗ ಕ್ಲಿಪ್ಪನ್ನು ಹೋಲ್ಡರಿನ ಗೋಡೆಗೆ ಹಿಡಿಯಿರಿ. ಮಿನುಗದಿದ್ದರೆ ಅರ್ಥ್ ಕೆಟ್ಟಿದೆ. ಬೋಲ್ಟ್ ಬಿಚ್ಚಿ, ಬಣ್ಣ, ತುಕ್ಕು ಎರಡನ್ನೂ ಉಜ್ಜಿ ತೆಗೆದು ಬಿಗಿಮಾಡಿ. ಸಮಯವಿದ್ದರೆ ಲ್ಯಾಂಪಿನಿಂದ ಚಾಸಿಗೆ ಬೇರೆಯೇ ಒಂದು ತಂತಿ ಎಳೆದುಬಿಡಿ, ವರ್ಷಗಟ್ಟಲೆ ನೆಮ್ಮದಿ.

3. ಬಲ್ಬ್ ನಿಜಕ್ಕೂ ಸುಟ್ಟಿದ್ದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಇಂಡಿಕೇಟರಿಗೆ ಬರುವುದು 12 ವೋಲ್ಟ್, 21 ವ್ಯಾಟ್, ಒಂದೇ ಎಳೆಯದು. 21/5 ಎಂದಿರುವ ಎರಡೆಳೆಯ ಬಲ್ಬ್ ಬ್ರೇಕ್, ಪಾರ್ಕಿಂಗ್‌ಗೆ. ಅದರ ಎರಡು ಮೊಳೆ ಒಂದೇ ಎತ್ತರದಲ್ಲಿ ಇರುವುದಿಲ್ಲ. ಲೆನ್ಸ್ ಬಿಳಿಯಾಗಿದ್ದರೆ ಕಿತ್ತಳೆ ಗಾಜಿನ ಬಲ್ಬ್ ಬೇಕು. ಅದರ ಮೊಳೆಗಳು ನೇರ ಎದುರುಬದುರು ಇಲ್ಲದೆ ಓರೆಯಾಗಿರುವುದು ಬಿಳಿ ಬಲ್ಬ್ ತಪ್ಪಿ ಅಲ್ಲಿ ಕೂರದಿರಲಿ ಎಂದೇ. ಒತ್ತಿ ತುರುಕಬೇಡಿ.

4. ಒಳಕ್ಕೆ ಒತ್ತಿ, ಎಡಕ್ಕೆ ತಿರುಗಿಸಿದರೆ ಬಲ್ಬ್ ಬರುತ್ತದೆ. ತುಕ್ಕು ಹಿಡಿದಿದ್ದರೆ ಬರುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯಿರಿ, ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ. ಗಾಜು ಒಡೆದರೆ ಸ್ವಿಚ್ ಆಫ್ ಮಾಡಿ ನೋಸ್ ಪ್ಲೈಯರಿನಿಂದ ಬುಡ ತಿರುಗಿಸಿ. ಹೊಸ ಬಲ್ಬ್ ಕೂರಿಸುವ ಮೊದಲು ಹೋಲ್ಡರಿನ ಒಳಮೈ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬಲ್ಬಿನ ಬುಡಕ್ಕೆ ತೆಳುವಾಗಿ ವ್ಯಾಸಲಿನ್ ಸವರಿ.

5. ಎಲ್‌ಇಡಿ ಹಾಕಿಸುವ ಆಸೆ ಅನೇಕರಿಗಿದೆ. ಅದು ಕುಡಿಯುವ ಕರೆಂಟ್ ಬಹಳ ಕಮ್ಮಿ, ಹಳೇ ಫ್ಲ್ಯಾಷರ್ ಅದನ್ನು ಸುಟ್ಟ ಬಲ್ಬ್ ಎಂದೇ ತಿಳಿಯುತ್ತದೆ. ಹಾಕುವುದಾದರೆ ಫ್ಲ್ಯಾಷರನ್ನೂ ಎಲ್‌ಇಡಿಗೆ ಹೊಂದುವಂಥದ್ದಕ್ಕೆ ಬದಲಿಸಿ. ರೆಸಿಸ್ಟರ್ ಜೋಡಿಸುವವರಿದ್ದಾರೆ, ಅದು ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ ಪಕ್ಕ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

6. ಲೆನ್ಸ್ ಮುಚ್ಚುವಾಗ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ ನೋಡಿ. ಸ್ಕ್ರೂ ಸಾಕಷ್ಟೇ ಬಿಗಿಯಿರಲಿ, ಹಳೇ ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಮೊದಲ ಮಳೆಗೇ ನೀರು ಒಳಗೆ.

7. ಲೋಡ್ ಆದ ಮೇಲೆ ಒಮ್ಮೆ ಹಿಂದೆ ಹೋಗಿ ನಿಲ್ಲಿ. ಟಾರ್ಪಾಲಿನ ಚುಂಗು ಲ್ಯಾಂಪಿನ ಮೇಲೆ ಇಳಿಬಿದ್ದಿದ್ದರೆ, ಲೆನ್ಸಿಗೆ ಕೆಸರು ಮೆತ್ತಿದ್ದರೆ, ನೀವು ಬಲಕ್ಕೆ ತಿರುಗುವುದು ಹಿಂದೆ ಬರುವ ಬೈಕಿನವನಿಗೆ ಗೊತ್ತಾಗುವುದೇ ಇಲ್ಲ. ಮಾರುಕಟ್ಟೆಗೆ ನಸುಕಿನಲ್ಲೇ ಹೊರಡುವವರು ದಯವಿಟ್ಟು ಚುಂಗನ್ನು ಮೇಲೆತ್ತಿ ಕಟ್ಟಿ, ಲೆನ್ಸ್ ಒರೆಸಿ, ಎಡ-ಬಲ ಎರಡೂ ಮಿನುಗುವುದನ್ನು ಕಣ್ಣಾರೆ ನೋಡಿಯೇ ಗಾಡಿ ಹತ್ತಿ.