ಮರಿ ಹಾವು ಮೂತಿ ತಿರುಗಿಸಿದರೆ

ನೀವು ಬರೆದಿರುವ ಪ್ರಕಾರ ಬಾಲ್ ಪೈಥಾನ್ ಮರಿ ಮೊಟ್ಟೆಯೊಡೆದು ಎರಡು ವಾರ, ಮೊದಲ ಪೊರೆ ಬಿಟ್ಟು ನಾಲ್ಕು ದಿನ. ಇನ್ನೂ ಏನೂ ತಿಂದಿಲ್ಲವೆಂದು ಗಾಬರಿ ಬೇಡ. ಹೊಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯ ಹಳದಿಯೇ ಅದನ್ನು ಇಷ್ಟು ದಿನ ಸಾಕಿದೆ. ಸಾಮಾನ್ಯವಾಗಿ ಪೊರೆ ಬಿಟ್ಟ ಮೇಲೇ ಹಸಿವು ಶುರು.

ನನಗೆ ಅನುಮಾನವಿರುವುದು ಶಾಖದ ಮೇಲೆ. ಡಿಸೆಂಬರ್‌ನಲ್ಲಿ ಜೆ.ಪಿ. ನಗರದ ರಾತ್ರಿ 16 ಡಿಗ್ರಿಗೆ ಇಳಿಯುತ್ತದೆ. ಇದೋ ಪಶ್ಚಿಮ ಆಫ್ರಿಕಾದ ಹಾವು. ಪೆಟ್ಟಿಗೆಯ ಒಂದು ಬದಿ 31–32, ಇನ್ನೊಂದು ಬದಿ 26 ಡಿಗ್ರಿ ಇರಲಿ. ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್ ಹಾಕದಿದ್ದರೆ ಹಾವಿನ ಹೊಟ್ಟೆ ಸುಟ್ಟೀತು. ನಿಮ್ಮ ಮೂರಡಿ ಗಾಜಿನ ತೊಟ್ಟಿ ಈ ಮರಿಗೆ ಮೈದಾನವಾಯಿತು. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಮೈಗೆ ಒತ್ತಿಕೊಳ್ಳುವಂಥ ಎರಡು ಅಡಗುತಾಣ ಸಾಕು. ಒಂದು ವಾರ ಮುಟ್ಟಬೇಡಿ. ನೆಂಟರಿಗೆ ತೋರಿಸುವುದೂ ಬೇಡ.

ಆಮೇಲೆ ಕತ್ತಲಾದಾಗ, ಫ್ರೀಜರ್‌ನ ಇಲಿಮರಿಯನ್ನು ಕರಗಿಸಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಒರೆಸಿ, ಉದ್ದ ಚಿಮುಟದಲ್ಲಿ ಹಿಡಿದು ಮೆಲ್ಲಗೆ ಆಡಿಸಿ. ಹಾವಿನ ಮೇಲ್ತುಟಿಯ ಕುಳಿಗಳು ಶಾಖ ಗುರುತಿಸುತ್ತವೆ. ಇಲಿಯ ತಲೆ ಬೆಚ್ಚಗಿರಲೇಬೇಕು. ತಿನ್ನದಿದ್ದರೆ ರಾತ್ರಿ ಅಲ್ಲೇ ಬಿಟ್ಟು ಬೆಳಿಗ್ಗೆ ಎಸೆಯಿರಿ, ಐದಾರು ದಿನ ಬಿಡುವು ಕೊಡಿ. ಜೀವಂತ ಇಲಿ ಬಿಟ್ಟು ಮಲಗಬೇಡಿ, ಅದು ಹಾವನ್ನೇ ಕಚ್ಚುತ್ತದೆ. ನಿಮ್ಮ ಅತ್ತೆಯವರು ಹೇಳುವ ಹಾಲು ನಾಗರಪಂಚಮಿಯ ಕಲ್ಲಿಗಿರಲಿ.

ವಾರಕ್ಕೊಮ್ಮೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುತ್ತಲೇ ಹೋದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರನ್ನು ಕಾಣಿ. ಬಾಯಿಗೆ ತುರುಕುವ ಕೆಲಸ ಅವರದು. ಅಂದಹಾಗೆ, 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹಾವಿನ ನೋಂದಣಿ ಆಗಿದೆಯೇ? ಪತ್ರದಲ್ಲಿ ಅದರ ಮಾತೇ ಇಲ್ಲ.