ನವಿಲಿನ ಹಿಂಬದಿ

ಧಾರವಾಡದ ಕಸೂತಿಗೂ ನಮ್ಮ ಬಾರ್ಕೂರಿಗೂ ಹಳೆಯ ನಂಟಿಲ್ಲ. ನಮ್ಮ ಕಡೆ ಇರುವುದು 2016ರಲ್ಲಿ ಜಿಐ ಮಾನ್ಯತೆ ಪಡೆದ ಉಡುಪಿ ಕೈಮಗ್ಗದ ಸೀರೆ. ಇಳಕಲ್ಲಿನ ಚಂದ್ರಕಾಳಿ ಸೀರೆಯ ಮೇಲಿನ ನವಿಲು ಮನಸ್ಸಿಗೆ ಹಿಡಿಸಿ, ಅದನ್ನು ಇಲ್ಲಿನ ಹತ್ತಿಯ ಮೇಲೆ ತರಲು ಹೊರಟೆ. ಕೆಟ್ಟುಹೋದ ನವಿಲುಗಳಿಂದ ಕಲಿತದ್ದು ಇಷ್ಟು.

1. ಹಾಸು, ಹೊಕ್ಕು ಎರಡನ್ನೂ ಎಣಿಸಿ

ಕಸೂತಿಗೆ ಅಚ್ಚಿಲ್ಲ, ಪೆನ್ಸಿಲ್ ಗೆರೆಯಿಲ್ಲ. ಎಳೆ ಎಣಿಸಿಯೇ ಚಿತ್ರ ಮೂಡಬೇಕು. ನಾನು ತಗೊಂಡ ತುಂಡಿನಲ್ಲಿ ಇಂಚಿಗೆ ಹಾಸು ಹೆಚ್ಚು, ಹೊಕ್ಕು ಕಡಿಮೆ ಇತ್ತು. ಅದನ್ನು ನೋಡದೆ ಎರಡೂ ದಿಕ್ಕಿಗೆ ನಾಲ್ಕು ನಾಲ್ಕು ಎಳೆ ದಾಟಿಸಿದೆ. ನವಿಲು ಸಪೂರವಾಗಿ ಕೊಕ್ಕರೆಯ ಹಾಗೆ ನಿಂತಿತು. ಈಗ ಅಂಥ ಬಟ್ಟೆಯಾದರೆ ಅಡ್ಡಕ್ಕೆ ಐದು, ಉದ್ದಕ್ಕೆ ನಾಲ್ಕು.

2. ಮರಳುವ ದಾರಿ ಮೊದಲೇ ಗೊತ್ತಿರಲಿ

ಕಸೂತಿಯ ಗಾವಂತಿ ಹೊಲಿಗೆಯಲ್ಲಿ ನೂಲು ಒಂದು ಹೊಲಿಗೆ ಬಿಟ್ಟು ಒಂದರಂತೆ ಮುಂದೆ ಹೋಗಿ, ಬಿಟ್ಟ ಜಾಗ ತುಂಬುತ್ತ ಮರಳುತ್ತದೆ. ಹಾಗಾಗಿ ಬಟ್ಟೆಯ ಎರಡೂ ಮೈ ಒಂದೇ ಥರ. ಮೆಟ್ಟಿಲಾಗಿ ಏರುವ ಮುರ್ಗಿಯೂ ಹಾಗೇ. ಎಲ್ಲೂ ಗಂಟು ಹಾಕುವಂತಿಲ್ಲ. ನೂಲಿನ ತುದಿಯನ್ನು ಹೊಲಿಗೆಯೊಳಗೇ ಸೇರಿಸಬೇಕು. ನಾನು ಕೊರಳು, ಬೆನ್ನು, ಬಾಲ ಮುಗಿಸಿ ಕೊಕ್ಕಿಗೆ ಮರಳಿದಾಗ ಜುಟ್ಟು ಉಳಿದೇಹೋಗಿತ್ತು. ಹಿಂದಿನಿಂದ ನೂಲು ಹಾರಿಸಿದೆ, ಗಂಟೂ ಹಾಕಿದೆ.

ಕಲಿಸುತ್ತಿದ್ದ ಧಾರವಾಡದ ಅಮ್ಮ ಮುಂಬದಿ ನೋಡಲೇ ಇಲ್ಲ. “ಹೊಳ್ಳಿಸಿ ತೋರಸವಾ” ಅಂದರು. ನೋಡಿ, ಕತ್ತರಿ ನನ್ನ ಕೈಗೇ ಕೊಟ್ಟರು. ಆಗ ಬೇಜಾರಾದದ್ದು ನಿಜ. ಅವರು ಮಾಡಿದ್ದು ಸರಿ ಎಂದು ಈಗ ಗಟ್ಟಿಯಾಗಿ ಹೇಳುತ್ತೇನೆ.

ಅಂದಿನಿಂದ ಮೊದಲು ಚೌಕಳಿ ಕಾಗದದಲ್ಲಿ, ಪೆನ್ಸಿಲ್ ಎತ್ತದೆ ಇಡೀ ನವಿಲನ್ನು ಸುತ್ತಿಬರುತ್ತೇನೆ. ಜುಟ್ಟು, ಕಾಲು, ಗರಿ, ಹೀಗೆ ಕವಲು ಸಿಕ್ಕಲ್ಲೆಲ್ಲ ತುದಿಯವರೆಗೆ ಹೋಗಿ, ತುಂಬಿಕೊಂಡು ಬಂದು, ಆಮೇಲೆ ಮುಂದಕ್ಕೆ. ಈ ದಾರಿ ಹುಡುಕುವುದೇ ಕಸೂತಿಯ ಅರ್ಧ ಕೆಲಸ.

3. ಮೆಂತಿ ಹಿತಮಿತವಾಗಿರಲಿ

ನವಿಲಿನ ಮೈಯನ್ನೆಲ್ಲ ಮೆಂತಿ ಹೊಲಿಗೆಯಿಂದ ತುಂಬಿದೆ. ಒಂದರ ಮೇಲೊಂದು ಅಡ್ಡ ಹಾಯುವ ಈ ಹೊಲಿಗೆ ನೂಲು ತಿನ್ನುತ್ತದೆ. ತೆಳು ಹತ್ತಿ ಭಾರ ತಾಳದೆ ಸುಕ್ಕಾಯಿತು. ತೆಳು ಬಟ್ಟೆಗೆ ಗಾವಂತಿ, ಮುರ್ಗಿ ಸಾಕು.

4. ಸೂಜಿಯನ್ನು ಬಟ್ಟೆಯಲ್ಲಿ ಬಿಡಬೇಡಿ

ನಮ್ಮ ಮಳೆಗಾಲದ ತೇವಕ್ಕೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ಚುಚ್ಚಿಟ್ಟು ಮರೆತ ಸೂಜಿಯ ಕಲೆ ಹೋಗಲೇ ಇಲ್ಲ. ಕೆಂಪು ನೂಲನ್ನೂ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಬಣ್ಣ ಬಿಟ್ಟರೆ ಬೇಡ. ಮೋಡದ ಬೆಳಕಿನಲ್ಲಿ ಕಪ್ಪು ಬಟ್ಟೆಯ ಎಳೆ ಕಾಣುವುದಿಲ್ಲ. ಆ ತಿಂಗಳುಗಳಲ್ಲಿ ನಾನು ಕಾಗದದ ಮೇಲೆ ದಾರಿ ಹಾಕಿಟ್ಟು, ದೀಪಾವಳಿ ಕಳೆದ ಮೇಲೆ ಸೂಜಿ ಹಿಡಿಯುತ್ತೇನೆ.