ಭಗತ್ ಸಿಂಗ್: ದಂತಕಥೆ ಮತ್ತು ದಾಖಲೆ – ಮುಖ್ಯಾಂಶಗಳು

ಜನನ
• ಸೆಪ್ಟೆಂಬರ್ 1907, ಬಂಗಾ ಗ್ರಾಮ, ಲಯಾಲ್‌ಪುರ ಜಿಲ್ಲೆ (ಇಂದಿನ ಫೈಸಲಾಬಾದ್, ಪಾಕಿಸ್ತಾನ). ದಿನಾಂಕ: 27, 28 ಎರಡೂ ಬಳಕೆಯಲ್ಲಿ.
• ತಂದೆ ಕಿಶನ್ ಸಿಂಗ್, ತಾಯಿ ವಿದ್ಯಾವತಿ.
• ಖಟ್ಕರ್ ಕಲಾನ್: ಪೂರ್ವಜರ ಊರು, ಜನ್ಮಸ್ಥಳವಲ್ಲ.
• ಐತಿಹ್ಯ: ಹುಟ್ಟಿದ ದಿನವೇ ತಂದೆ ಹಾಗೂ ಚಿಕ್ಕಪ್ಪಂದಿರಿಗೆ ಜೈಲಿನಿಂದ ಬಿಡುಗಡೆ.
• ದಾಖಲೆ: ಚಿಕ್ಕಪ್ಪ ಅಜಿತ್ ಸಿಂಗ್ 1907ರಲ್ಲಿ ಮಂಡಾಲೆಗೆ ಗಡೀಪಾರು, ಬಿಡುಗಡೆ ನವೆಂಬರ್ 1907, ಅಂದರೆ ಜನನದ ನಂತರ.

ಸ್ಯಾಂಡರ್ಸ್ ಹತ್ಯೆ (17 ಡಿಸೆಂಬರ್ 1928, ಲಾಹೋರ್)
• ಹಿನ್ನೆಲೆ: ಸೈಮನ್ ಆಯೋಗ ವಿರೋಧಿ ಮೆರವಣಿಗೆ, 30 ಅಕ್ಟೋಬರ್ 1928; ಅಲ್ಲಿ ಲಾಠಿ ಏಟು ತಿಂದ ಲಾಲಾ ಲಜಪತ್ ರಾಯ್ ನಿಧನ, 17 ನವೆಂಬರ್ 1928.
• ನಿಜವಾದ ಗುರಿ: ಲಾಠಿ ಪ್ರಹಾರಕ್ಕೆ ಆದೇಶಿಸಿದ ಪೊಲೀಸ್ ಅಧಿಕಾರಿ ಜೇಮ್ಸ್ ಸ್ಕಾಟ್. ಇನ್ನೊಬ್ಬ ಪೊಲೀಸ್ ಅಧಿಕಾರಿ ಸ್ಯಾಂಡರ್ಸ್ ಸಾವು ಗುರುತು ತಪ್ಪಿದ ಫಲ.
• ಐತಿಹ್ಯ: ಭಗತ್ ಸಿಂಗ್ ಒಬ್ಬರದೇ ಕೃತ್ಯ.
• ದಾಖಲೆ: ಮೊದಲ ಗುಂಡು ರಾಜಗುರು ಅವರದು, ಬೆನ್ನಟ್ಟಿದ ಪೇದೆ ಚನನ್ ಸಿಂಗ್ ಬಲಿ ಚಂದ್ರಶೇಖರ್ ಆಜಾದ್ ಗುಂಡಿಗೆ.
• ಅನಾರ್ಕಲಿ ಠಾಣೆಯ ಪ್ರಥಮ ವರ್ತಮಾನ ವರದಿಯಲ್ಲಿ ಭಗತ್ ಸಿಂಗ್ ಹೆಸರಿಲ್ಲ; ಆರೋಪಿಗಳು ಅಪರಿಚಿತರು.

ಶಾಸನಸಭೆ ಬಾಂಬ್ (8 ಏಪ್ರಿಲ್ 1929, ದೆಹಲಿ)
• ಜೊತೆಗಾರ: ಬಟುಕೇಶ್ವರ ದತ್ತ. ಸಾವು: ಇಲ್ಲ. ಅಧ್ಯಕ್ಷಪೀಠ: ವಿಠ್ಠಲಭಾಯ್ ಪಟೇಲ್. ವಕೀಲ: ಆಸಫ್ ಅಲಿ.
• ಶಿಕ್ಷೆ: ಜೀವಾವಧಿ ಗಡೀಪಾರು, 12 ಜೂನ್ 1929.
• ಅತಿ ಸಾಮಾನ್ಯ ತಪ್ಪು: ಈ ಬಾಂಬಿಗೇ ಗಲ್ಲು ಎಂಬ ನಂಬಿಕೆ. ಗಲ್ಲು ಲಾಹೋರ್ ಪಿತೂರಿ ಪ್ರಕರಣದಲ್ಲಿ (ಸ್ಯಾಂಡರ್ಸ್ ಹತ್ಯೆ).
• ‘ಇಂಕ್ವಿಲಾಬ್ ಜಿಂದಾಬಾದ್’: ಸೃಷ್ಟಿ ಹಸ್ರತ್ ಮೊಹಾನಿ, 1921. ಭಗತ್ ಸಿಂಗ್ ಜನಪ್ರಿಯಗೊಳಿಸಿದವರು ಮಾತ್ರ.

ಚಿತ್ರಪಟ
• ಲಭ್ಯ ಅಸಲಿ ಛಾಯಾಚಿತ್ರಗಳು: 4. ಹ್ಯಾಟಿನ ಚಿತ್ರ: ದೆಹಲಿ, 1929.
• ಹಳದಿ ಅಥವಾ ಕೇಸರಿ ಪೇಟದ ರೂಪ: ಕ್ಯಾಲೆಂಡರ್ ಕಲಾವಿದರ ಕೊಡುಗೆ. ಕಾಲೇಜು ದಿನಗಳ ಚಿತ್ರದಲ್ಲಿ ಬಿಳಿ ಪೇಟ.

ವಿಚಾರಣೆ ಮತ್ತು ಗಲ್ಲು
• 13 ಸೆಪ್ಟೆಂಬರ್ 1929: ಸಹಕೈದಿ ಜತಿನ್ ದಾಸ್ ನಿಧನ, ಉಪವಾಸ 63 ದಿನ.
• 1 ಮೇ 1930: ಸುಗ್ರೀವಾಜ್ಞೆ, ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಮಂಡಳಿ.
• 20 ಸೆಪ್ಟೆಂಬರ್ 1930: ಮಗ ನಿರಪರಾಧಿ ಎಂದು ತಂದೆಯ ಅರ್ಜಿ. 4 ಅಕ್ಟೋಬರ್: ಆ ಅರ್ಜಿ ಖಂಡಿಸಿ ಮಗನ ಪತ್ರ.
• 7 ಅಕ್ಟೋಬರ್ 1930: ತೀರ್ಪು. ಗಲ್ಲು: ಭಗತ್ ಸಿಂಗ್, ರಾಜಗುರು, ಸುಖದೇವ್.
• 14 ಫೆಬ್ರವರಿ 1931: ಮದನ ಮೋಹನ ಮಾಳವೀಯರಿಂದ ವೈಸರಾಯ್‌ಗೆ ಕ್ಷಮಾದಾನದ ಮನವಿ. ಪ್ರತಿವರ್ಷ ಪ್ರೇಮಿಗಳ ದಿನ ಹರಿದಾಡುವ ‘ಇಂದೇ ಗಲ್ಲು’ ಸಂದೇಶ: ನಿರಾಧಾರ.
• 20 ಮಾರ್ಚ್ 1931: ಪಂಜಾಬ್ ಗವರ್ನರ್‌ಗೆ ಮೂವರ ಪತ್ರ. ಕೋರಿಕೆ: ಯುದ್ಧಕೈದಿಗಳೆಂದು ಪರಿಗಣನೆ, ಗಲ್ಲಿನ ಬದಲು ಗುಂಡು. ‘ಕ್ಷಮೆ ಕೇಳಿದರು’ ಎಂಬ ವಾದವನ್ನು ಅಲ್ಲಗಳೆಯಲು ಇಷ್ಟು ಸಾಕು.
• 23 ಮಾರ್ಚ್ 1931: ಲಾಹೋರ್ ಸೆಂಟ್ರಲ್ ಜೈಲಿನಲ್ಲಿ ಸಂಜೆ ಗಲ್ಲು, ನಿಗದಿ ದಿನ 24 ಮಾರ್ಚ್. ವಯಸ್ಸು 23.

ಗಾಂಧೀಜಿ ಪ್ರಶ್ನೆ
• ಐತಿಹ್ಯ: ಗಲ್ಲು ತಪ್ಪಿಸಲು ಗಾಂಧೀಜಿಯವರ ಯತ್ನವೇ ಇಲ್ಲ.
• ದಾಖಲೆ: 18 ಫೆಬ್ರವರಿ 1931ರಂದು ವೈಸರಾಯ್ ಇರ್ವಿನ್ ಬಳಿ ಪ್ರಸ್ತಾಪ, 23 ಮಾರ್ಚ್ ಬೆಳಿಗ್ಗೆ ಪತ್ರ. ಆದರೆ ಗಾಂಧಿ–ಇರ್ವಿನ್ ಒಪ್ಪಂದದ (5 ಮಾರ್ಚ್ 1931) ಷರತ್ತುಗಳಲ್ಲಿ ವಿಷಯ ಇಲ್ಲ. ಟೀಕೆಯ ಒಂದು ಆಧಾರ ಇದು.
• ಕಾಂಗ್ರೆಸ್‌ನ ಕರಾಚಿ ಅಧಿವೇಶನ (ಮಾರ್ಚ್ 1931): ಮೂವರ ಕುರಿತ ನಿರ್ಣಯದ ಕರಡು ಗಾಂಧಿ, ಮಂಡನೆ ನೆಹರು, ಅನುಮೋದನೆ ಮಾಳವೀಯ. ಅಧ್ಯಕ್ಷ: ಸರ್ದಾರ್ ಪಟೇಲ್.

ಬರಹ
• ‘ನಾನೇಕೆ ನಾಸ್ತಿಕ’: ರಚನೆ ಅಕ್ಟೋಬರ್ 1930, ಪ್ರಕಟಣೆ 27 ಸೆಪ್ಟೆಂಬರ್ 1931, ‘ದಿ ಪೀಪಲ್’, ಲಾಹೋರ್.

ಹುಸೇನಿವಾಲಾ
• ಸಟ್ಲೆಜ್ ದಡ; ಮೂವರ ಅಂತ್ಯಕ್ರಿಯೆಯ ಸ್ಥಳ. ವಿಭಜನೆಯಲ್ಲಿ ಪಾಕಿಸ್ತಾನದ ಪಾಲು. 1961ರಲ್ಲಿ 12 ಗ್ರಾಮಗಳ ವಿನಿಮಯದಿಂದ ಭಾರತಕ್ಕೆ.
• ಬಟುಕೇಶ್ವರ ದತ್ತ (ನಿಧನ: ಜುಲೈ 1965) ಅವರ ಅಂತ್ಯಕ್ರಿಯೆಯೂ ಇಲ್ಲಿಯೇ.